ಪಂಚ ನಂಬರ್ ಎರಡು

ಗಂಗಾವತಿಯ ರಾಯಚೂರು ರಸ್ತೆಯಲ್ಲಿ
ಲಾರಿ ಟ್ಯೂಬನ್ನು ತೊಟ್ಟಿಯಲ್ಲಿ ಮುಳುಗಿಸಿ
ಗುಳ್ಳೆ ಎಲ್ಲಿ ಏಳುತ್ತದೆಂದು ಕಾಯುತ್ತಿದ್ದೆ.
ಹವಾಲ್ದಾರ ಯಂಕೋಬ ಬೈಕು ನಿಲ್ಲಿಸಿ
"ಹುಲಿಗೆಪ್ಪ, ಬಾರೋ, ಒಂದ್ ಸಹಿ ಹಾಕೂದೈತಿ" ಅಂದ.
ಒಲ್ಲೆ ಅನ್ನಲು ಬಾಯಿ ತೆರೆದೆ.
ನನ್ನ ಅಂಗಡಿ ಅರ್ಧ ಸರ್ಕಾರಿ ರಸ್ತೆಯ ಮೇಲಿದೆ.
ಬಾಯಿ ಮುಚ್ಚಿದೆ.

ಪಂಚರ್ ಹಾಕುವವನು ಹೀಗೆ ಪಂಚನಾದೆ.

ನಿಂತುಹೋದ ರೈಸ್ ಮಿಲ್ಲು, ಹಿಂದೊಂದು ಗೋದಾಮು,
ಸೊಂಟದೆತ್ತರ ಭತ್ತದ ಹೊಟ್ಟು,
ಹೊಟ್ಟಿನೊಳಗೆ ಹೂತಿಟ್ಟ ಪಟಾಕಿ ಪೆಟ್ಟಿಗೆ.
ಗೋಡೆಯಾಚೆ ಹಮಾಲರ ಓಣಿ, ಅಂಗನವಾಡಿ,
ಒಣಗಲು ಹಾಕಿದ ಕೌದಿ.
ಪಂಚ ನಂಬರ್ ಒಂದು, ಹಮಾಲಿ ಮೌಲಾಸಾಬ,
ಕಿವಿಯ ಮೇಲಿನ ಬೀಡಿ ತೆಗೆದು ಜೇಬಿಗಿಟ್ಟ.
ಮತ್ತೆ ಏನೋ ಹೊಳೆದು
ಹೊರಗೆ ಹೋಗಿ ಗಟಾರಕ್ಕೆ ಎಸೆದು ಬಂದ.

ಪಿಎಸ್‌ಐ ಮೇಡಂ ಹೇಳಿದರು, ಯಂಕೋಬ ಬರೆದ:
ಸದರಿ ಗೋದಾಮಿನಲ್ಲಿ, ಪರವಾನಗಿ ಇಲ್ಲದೆ,
ಒಂದು ಬಕೆಟ್ ಮರಳೂ ಇಲ್ಲದೆ,
ಮಾನವ ಜೀವಕ್ಕೆ ಅಪಾಯವಾಗುವ ರೀತಿಯಲ್ಲಿ...
ಸದರಿ, ಸದರಿ. ಕೇಳುತ್ತ ಕೇಳುತ್ತ
ನಾನೂ ಸದರಿ ಹುಲಿಗೆಪ್ಪನಾದೆ.

ಲಕ್ಷ್ಮಿ ಪಟಾಕಿ, ಎಂಟು ಪೆಟ್ಟಿಗೆ.
ದೇವಿಯ ಮುಖದ ಮೇಲೆ ಚೀಟಿ ಅಂಟಿಸಲು ಹೋದ ಯಂಕೋಬ
ತಡೆದು, ಪೆಟ್ಟಿಗೆ ತಿರುಗಿಸಿ,
ಬೆನ್ನಿಗೆ ಅಂಟಿಸಿದ.

ಮಿಲ್ಲಿನ ಪಂಪಣ್ಣ ಹೊಸ್ತಿಲಲ್ಲೇ ನಿಂತಿದ್ದ.
"ಕಾಲೇಜ್ ಮೈದಾನದಾಗ ಮಳಿಗಿ ಕೇಳಿದ್ನಿರಿ,
ಅರ್ಜಿ ಆಫೀಸಿನಾಗ ಕುಂತೈತಿ,
ದೀಪಾವಳಿ ಕುಂದ್ರಂಗಿಲ್ಲಲ್ರಿ ಮೇಡಂ."
"ಮೈದಾನದಾಗ ಮಳಿಗಿಗೂ ಮಳಿಗಿಗೂ ಮೂರು ಮೀಟರ್ ಬಿಡಸ್ತೀವಿ.
ಇಲ್ಲೆ, ಆ ಕೂಸುಗಳಿಗೂ ಇದಕ್ಕೂ ಎಷ್ಟೈತಿ ಹೇಳು?"
ಪಂಪಣ್ಣ ಗೋಡೆ ನೋಡಿದ.
ಒಂದು ಇಟ್ಟಿಗೆ ದಪ್ಪ.
ಈ ಮಾತು ಯಾವುದನ್ನೂ ಯಂಕೋಬ ಬರೆಯಲಿಲ್ಲ.

ಒಡೆದ ಪೆಟ್ಟಿಗೆಯಿಂದ ಚೆಲ್ಲಿದ ಸುರಸುರಬತ್ತಿ.
"ಬಿಡಿ ಪೊಟ್ಟಣ ಹದಿನೇಳು. ಬರೋಬ್ಬರಿ ಅದಾವಲ್ಲ?"
"ಅದಾವ್ರಿ" ಅಂದೆ.
ಹದಿನೆಂಟನೆಯದು ನನ್ನ ಚಡ್ಡಿ ಜೇಬಿನಲ್ಲಿ
ತೊಡೆಗೆ ಒತ್ತುತ್ತಿತ್ತು.
ಯಾವಾಗ ತಗೊಂಡಿ ಅಂತ ಕೈಗೆ ಕೇಳಿದೆ,
ಕೈ ಸಹಿ ಹಾಕುತ್ತಿತ್ತು.

ಮರುದಿನ ಅಗ್ನಿಶಾಮಕದವರು
ಎಲ್ಲವನ್ನೂ ಸಿಮೆಂಟಿನ ತೊಟ್ಟಿಗೆ ಸುರಿದು ನೀರು ಬಿಟ್ಟರು.
ಕಾಗದ ಬಿಚ್ಚಿತು, ಲಕ್ಷ್ಮಿಯ ಕೆಂಪು ಕರಗಿತು,
ನೀರು ಬೆಳ್ಳಿ ಬೂದಿಯಾಯಿತು.
ರೂಢಿಯಂತೆ ನಾನು ಗುಳ್ಳೆ ನೋಡುತ್ತ ನಿಂತೆ,
ಎಲ್ಲಿ ಸೋರಿದೆ ಎಂದು.

ಹಬ್ಬದ ರಾತ್ರಿ, ಎಂಟು ಹೊಡೆದ ಮೇಲೆಯೇ,
ಮಗಳು ಹೊನ್ನೂರಿಯ ಮುಂದೆ ಪೊಟ್ಟಣ ಹಿಡಿದೆ.
"ಎಲ್ಲಿಂದ ತಂದಿ?" ಅಂದಳು.
ಏಳು ವರ್ಷದ ದನಿ, ಒಳಗೆ ಮೇಡಂ ಕೂತಿದ್ದರು.
"ನಾಳಿ ಹಚ್ಚೂಣು" ಅಂದೆ.

ಎರಡು ವರ್ಷಕ್ಕೆ ಕೋರ್ಟಿಗೆ ಕರೆದರು.
"ಬಿಡಿ ಪೊಟ್ಟಣ ಎಷ್ಟಿದ್ದವು?"
"ಹದಿನೇಳ್ರಿ."
"ನೆನಪೈತೋ, ಹೇಳಿಕೊಟ್ಟಾರೋ?"
"ನೆನಪೈತ್ರಿ. ಮರಿಯೂದ ಆಗವಲ್ದು."
ವಕೀಲರು ನಕ್ಕರು. ಟೈಪಿಸ್ಟ್ ಬಡಿದ.
ಪಂಪಣ್ಣನಿಗೆ ದಂಡವಾಯಿತು; ಅದೇ ವಾರ ಕಟ್ಟಿದ.

ಆ ಪೊಟ್ಟಣ ಇನ್ನೂ ಅಂಗಡಿಯಲ್ಲಿದೆ,
ಸಲ್ಯೂಷನ್ ಡಬ್ಬಿಯ ಹಿಂದೆ.
ತಂಡಿ ಹಿಡಿದು ಮೆತ್ತಗಾಗಿದೆ, ಹಚ್ಚಿದರೂ ಹತ್ತಲಾರದು.
ಆದರೂ ಪ್ಯಾಚಿಗೆ ಬೆಂಕಿ ಕೊಡುವ ಮುಂಚೆ
ಪ್ರತಿ ಸಲ ಅದನ್ನೆತ್ತಿ
ರಸ್ತೆಯ ಕಡೆ ನಡೆದು ಇಟ್ಟು ಬರುತ್ತೇನೆ,
ಮೂರು ಮೀಟರ್,
ಹೆಜ್ಜೆ ಎಣಿಸಿ.