ಒಂದು ರಾತ್ರಿಯ ಗಾಳಿ

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆ ಮುಗಿದು
ಜಾಲರಿ ತಟ್ಟೆಗಳೆಲ್ಲ ಖಾಲಿಯಾದ ಹೊತ್ತು
ನನ್ನ ವಾಚು ರಿಪೇರಿ ಪೆಟ್ಟಿಗೆಯಂಗಡಿಗೆ
ಸೈಕಲ್ ಒರಗಿಸಿ ಬಂದ ಖಲಂದರ್.
ನೂಲು ಬಿಚ್ಚುವ ಮನೆಯವನು. ಮೈಯೆಲ್ಲ ಬೆಂದ ಹುಳದ ವಾಸನೆ,
ಬಿಸಿನೀರಲ್ಲಿ ನೆಂದು ನೆಂದು ಬಿಳಿಚಿದ ಬೆರಳು.
ಜುಬ್ಬದ ಒಳಜೇಬಿನಿಂದ
ರೇಷ್ಮೆ ಕರ್ಚೀಫಿನಲ್ಲಿ ಸುತ್ತಿದ್ದನ್ನು ತೆಗೆದು
ಎರಡೂ ಕೈಯಲ್ಲಿ ಇಟ್ಟ, ಕೋಳಿಮರಿ ಇಟ್ಟ ಹಾಗೆ.

"ಗಂಗುಲಪ್ಪ, ಇದರ ಮೇಲೆ ಗೀರು ಬಿದ್ದವೆ.
ವಾಚಿನ ಗಾಜಿನಂಗೆ ತಿಕ್ಕಿಕೊಡು."

ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡೆ.
ಅಂಗೈಯಗಲ ಗಟ್ಟಿ ಪ್ಲಾಸ್ಟಿಕ್. ಒಳಗೊಂದು ತಾಮ್ರದ ಕಾಸು.
ಕಾಸಿನ ಒಳಗೊಂದು ಆನೆ
ಎಲ್ಲಿಗೂ ಹೋಗದೆ ನಡೆಯುತ್ತಿದೆ.
ಮೇಲೆ ಚೀಟಿ: ಎಪ್ಪತ್ತಕ್ಕೆ ನಲವತ್ತೈದು.
"ನನ್ನ ಎಸ್ಸೆಸ್ಸೆಲ್ಸಿಗಿಂತ ವಾಸಿ" ಅಂದೆ.
ಅವನು ನಗಲಿಲ್ಲ.

ಮೊದಲಿದು ಮೆತ್ತನೆ ಕವರಿನಲ್ಲಿತ್ತಂತೆ,
ಬಸ್ ಪಾಸಿನ ಕವರು,
ಹೊಸದರಲ್ಲಿ ಮಳೆಕೋಟಿನ ವಾಸನೆ ಹೊಡೆಯುತ್ತಲ್ಲ, ಅದು.
ಎರಡು ಬೇಸಿಗೆ ಬೀರುವಿನಲ್ಲಿ ಬೆಂದು
ಕವರು ಬೆವರಿತು.
ಆನೆಯ ಹೊಟ್ಟೆಗೆ ಹಸಿರು ಅಂಟು.
ಜತೆಗಿದ್ದ ಏಳು ಕಾಸು ಹಾಗೇ ಹೋದವು.
ಇದೊಂದನ್ನು ಅಸಿಟೋನಿನಲ್ಲಿ ಅದ್ದಿ ತೆಗೆದ,
"ಉಜ್ಜಲಿಲ್ಲ, ಅಲ್ಲಾನ ಆಣೆ."
ರಿಜಿಸ್ಟರ್ ಪೋಸ್ಟಿನಲ್ಲಿ ಹೋದದ್ದು
ನಾಲ್ಕು ತಿಂಗಳಿಗೆ ಈ ಗಟ್ಟಿ ಅಂಗಿ ತೊಟ್ಟು ಬಂತು.
ಅವತ್ತಿನಿಂದ ಯಾರ ಬೆರಳೂ ತಾಗಿಲ್ಲ.

ನನಗೆ ಗೊತ್ತಿರುವುದು ಗಾಜಿನ ಸಂಗತಿ. ಅದನ್ನೇ ಹೇಳಿದೆ:
ಹಲ್ಲುಪುಡಿ ಬೇಡ. ಥಿನ್ನರು, ಪೆಟ್ರೋಲು ಹತ್ತಿರಕ್ಕೂ ಬೇಡ,
ಪ್ಲಾಸ್ಟಿಕ್ಕಿಗೆ ಕಣ್ಣಪೊರೆ ಬರುತ್ತೆ.
ನೀರಲ್ಲಿ ಮುಳುಗಿಸಬೇಡ, ಅಂಚು ನೀ ತಿಳಿದಷ್ಟು ಬಿಗಿಯಿಲ್ಲ.
ಒಂದರ ಮೇಲೊಂದು ಪೇರಿಸಬೇಡ, ಪುಸ್ತಕದಂತೆ ನಿಲ್ಲಿಸು,
ಆವಿ ಏಳುವ ಮನೆಯಲ್ಲಂತೂ ಇಡಲೇಬೇಡ.
ರಬ್ಬರ್ ಬ್ಯಾಂಡ್ ಹಾಕಿದ್ದೀಯಾ? ತೆಗಿ.
ಅದರ ಉಸಿರು ತಾಕಿದರೂ ತಾಮ್ರ ಕಪ್ಪಾಗುತ್ತೆ.
ಈ ರೇಷ್ಮೆ ಬೇರೆ ಯಾಕೆ?
ನನ್ನ ಹಳೇ ಬನಿಯನ್ ಸಾಕು.

ಕಡಲೆಬೇಳೆಯಷ್ಟು ಪೇಸ್ಟು. ಬನಿಯನ್ ತುಂಡು. ಒಂದು ಗಂಟೆ.
ಗೀರುಗಳು ಒಂದೊಂದೇ ತೆಳ್ಳಗಾಗಿ ಮಾಯವಾದವು.
ಒಂದು ಮಾತ್ರ ಹೋಗಲೊಲ್ಲದು.
ಎಷ್ಟು ತಿಕ್ಕಿದರೂ ಅಲ್ಲೇ.
ಆಮೇಲೆ ತಿಳಿಯಿತು, ಅದು ಒಳಗಿನದು,
ಆನೆಯ ಹಿಂಗಾಲಿನ ಮೇಲೆ,
ನಾವಿಬ್ಬರೂ ಹುಟ್ಟುವ ಮೊದಲೇ ಬಿದ್ದದ್ದು.

ಹಾಗೆ ನೋಡುವಾಗಲೇ ಮೂಲೆಯಲ್ಲಿ
ಕೂದಲೆಳೆ ಬಿರುಕು ಕಂಡಿತು.
"ಬೀಳಿಸಿದ್ಯಾ?"
ಸುಮ್ಮನಿದ್ದ. ಆಮೇಲೆ, "ಮೊಮ್ಮಗಳು.
ಆನೆ ಮುಟ್ಟಬೇಕು ಅಂದಳು ಮೆಹಜಬೀನ್.
ತೊಟ್ಟಿ ಪಕ್ಕ ಕೈ ಜಾರಿತು.
ಒಂದು ತೊಟ್ಟು ಫೆವಿಕ್ವಿಕ್ ಹಾಕು, ಮುಗೀತು."

ಮುಗಿಯೋದು ನಿಜ.
ಅದರ ಹೊಗೆ ಒಳಗೆ ಮಂಜಾಗಿ ಕೂರುತ್ತೆ,
ತುಮಕೂರು ಫ್ಯಾಕ್ಟರಿಯ ಒಂದು ಎಚ್ಚೆಂಟಿಯನ್ನು
ಹಾಗೇ ಕುರುಡು ಮಾಡಿದ್ದೇನೆ ನಾನು,
ಆ ಗಿರಾಕಿ ಈಗಲೂ ಬೇರೆ ಬೀದಿಯಲ್ಲಿ ಹೋಗುತ್ತಾನೆ.
ಮತ್ತೆ ಪೋಸ್ಟಿಗೆ ಹಾಕು, ಹೊಸ ಪೆಟ್ಟಿಗೆ ಕೊಡುತ್ತಾರೆ.
ನೀನೇ ಒಡೆದು ತೆಗೆದೆಯೋ,
ನಲವತ್ತೈದು ಹೋಯಿತು, ಬರೀ ಕಾಸು ಉಳಿಯಿತು.
ಸದ್ಯಕ್ಕೆ ಮೂಲೆಗೆ ಟೇಪು ಸುತ್ತುತ್ತೇನೆ, ತಾ.

"ತಡಿ" ಅಂದ.
ಪೆಟ್ಟಿಗೆಯನ್ನು ಮುಖಕ್ಕೆ ಎತ್ತಿ
ಬಿರುಕಿಗೆ ಮೂಗಿಟ್ಟ.
ಕಣ್ಣು ಮುಚ್ಚಿಕೊಂಡು ತುಂಬ ಹೊತ್ತು.
"ತಾಮ್ರ" ಅಂದ. "ಎರಡು ವರ್ಷವಾಯಿತು ಗಂಗುಲಪ್ಪ.
ನೀನೂ ನೋಡು."

ನೋಡಿದೆ.
ನನಗೆ ಬಂದದ್ದು ಅವನ ಬೆರಳಿನ
ಬೆಂದ ಹುಳದ ವಾಸನೆ ಮಾತ್ರ.
ಹೂಂ, ತಾಮ್ರ, ಅಂದೆ.

"ಇವತ್ತೊಂದು ರಾತ್ರಿ ಟೇಪು ಬೇಡ,
ನಾಳೆ ತರ್ತೀನಿ."
ಬನಿಯನ್ ತುಂಡಲ್ಲಿ ಸುತ್ತಿ ಒಳಜೇಬಿಗೆ ಹಾಕಿಕೊಂಡು
ಸೈಕಲ್ ಹತ್ತಿದ.
ರೇಷ್ಮೆ ಕರ್ಚೀಫು
ನನ್ನ ಹಲಗೆಯ ಮೇಲೇ ಉಳಿಯಿತು.