ಹದಿನೇಳನೇ ಕಂಬ

ನಗರಸಭಾ ಠರಾವಿನ್ಯಾಗ ಹಿಂಗ ಬರದಿತ್ತು:
ವಿಷಯ ನಂಬರ ನಾಕು. ಯುವಕರಲ್ಲಿ ದುಶ್ಚಟ ತಡೆಯುವ ಬಾಬ್ತು.
ಮುಚ್ಚಿದ ನೂಲಿನ ಗಿರಣಿ ಹಿಂದ, ಹದಿನೇಳನೇ ಕಂಬಕ್ಕ
ಒಂದು ದೀಪ ಅಳವಡಿಸತಕ್ಕದ್ದು.
ಸೂಚಿಸಿದವರು ದಾನವ್ವ ಚಿಂಚಲಿ, ವಾರ್ಡು ಒಂಬತ್ತು.
ಅನುಮೋದಿಸಿದವರು, ಅಲ್ಲೆ ಬರೇ ಗೆರಿ.

ಹಾಕಾಂವ ನಾನು.
ಏಣಿ ನಂದು. ಇಕ್ಕಳ ನಗರಸಭೇದು.

ಮೊದಲನೇ ಬಲ್ಬು ಮೂರು ದಿನ ಬಾಳಿತು,
ಎರಡನೇದು ಒಂದ ರಾತ್ರಿ.
ಮೂರನೇದಕ್ಕ ತಂತಿ ಜಾಳಿಗಿ ಕಟ್ಟಿದೆ.
ಜಾಳಿಗಿ ಸಂದ್ಯಾಗ ಕಲ್ಲು
ಸೂಜಿಗಣ್ಣಾಗ ದಾರ ಹೊಕ್ಕಂಗ ಹೊಕ್ಕಿತ್ತು.
ಬನಹಟ್ಟಿ ಹುಡುಗ್ರು ನೋಡ್ರಿ, ಮಗ್ಗದ ಮನ್ಯಾಗ ಹುಟ್ಟಿದಾವು,
ಗುರಿ ತಪ್ಪಂಗಿಲ್ಲ.

ಮುಂಜಾನೆ ಕಂಬದ ಬುಡಕ್ಕ ನಾ ಆರಿಸಿದ್ದು
ಪಗಾರದಾಗ ಬರದ ಕೆಲಸ:
ಹಲ್ಲಿಲೆ ಮೂಲಿ ಹರದ ತೊಂಬತ್ತರ ಪಾಕೀಟು,
ಪಂಕ್ಚರ್ ತಿದ್ದೋ ಸಲೂಷನ್ ಟ್ಯೂಬು
(ಹತ್ತು ಊರಿನ ಸೈಕಲ್ ಗಾಲಿ ಒಮ್ಮೆಲೆ ಕುಂತ್ರೂ
ಅಷ್ಟು ಬೇಕಾಗಂಗಿಲ್ಲ),
ಕೆಮ್ಮಿನ ಔಷಧದ ಬಾಟ್ಲಿ, ಕೆಮ್ಮಿಲ್ಲದವರದು.
ಒಂದಿನ ಒಂಬತ್ತನೇ ಇಯತ್ತೆ ಗಣಿತದ ಹಾಳಿ,
ಅರ್ಧ ಸುಟ್ಟದ್ದು, ಗಾಂಜಾ ಸುತ್ತಿ ಸೇದಿದ್ದು.
ಉಳಿದರ್ಧದಾಗ ಲೆಕ್ಕ ಸರಿ ಇತ್ತು.
ಮಾಸ್ತರರು ಕೆಂಪು ಶಾಯಿಲೆ ರೈಟು ಹಾಕಿದ್ರು.

ಸಭಾದಾಗ ಸಾಹೇಬರು ಕೇಳಿದ್ರು,
ಅಂಕಿ ಅಂಶ ಏನದ?
ಆರೋಗ್ಯ ನಿರೀಕ್ಷಕರು ಫೈಲು ತಿರುವಿ
ನಿರಂಕ ಅಂದ್ರು.
ನಾ ಬಾಗಲಾಗ ಚಹಾದ ತಾಟು ಹಿಡದು ನಿಂತಿದ್ದೆ.
ಅಂಕಿ ನನ್ನ ಚೀಲದಾಗಿತ್ತು, ಅಲುಗಿದ್ರ ಗಳಗಳ ಅಂತಿತ್ತು.
ಯಾರೂ ಕೇಳಲಿಲ್ಲ.
ಸುಳ್ಳ್ಯಾಕ, ನಾನೂ ಹೇಳಲಿಲ್ಲ.

ಜಾಥಾ ಆತು. ಮಂಗಳವಾರ ಪ್ಯಾಟಿಯಿಂದ ರಬಕವಿ ರಸ್ತಾದ ತನಕ.
ಸಾಲಿ ಹುಡುಗ್ರ ಕೈಯಾಗ ಬ್ಯಾನರು,
ಎರಡೂ ಬದಿ ಮಗ್ಗ ಖಟಾಪಟಾ ಖಟಾಪಟಾ,
ಘೋಷಣಾ ಯಾರ ಕಿವಿಗೂ ಮುಟ್ಟಲಿಲ್ಲ.
ಬ್ಯಾನರಿನ ಎಡಗೋಲು ಹಿಡದಾವನ ಬೆರಳಿಗೆ
ಸಲೂಷನ್ ವಾಸನಿ.
ನಾ ಗುರುತು ಹಿಡದೆ. ಹಿಡದದ್ದು ಅವಗ ತಿಳೀತು.
ಕಾಡಪ್ಪ. ಹದಿನಾರು ನಡದಾವು.
ಅವರಪ್ಪ ನಾಕು ಪಾವರ್‌ಲೂಮಿನ ನಡುವ ಮೂವತ್ತು ವರ್ಷ ನಿಂತು
ಕಿವಿ ಕಳಕೊಂಡಾಂವ,
ಮಗ ರಾತ್ರಿ ಬಂದದ್ದೂ ಕೇಳಂಗಿಲ್ಲ, ಬರದದ್ದೂ.

ಏಳನೇ ಬಲ್ಬಿಗೆ ಲೆಕ್ಕದಾವ್ರು ತಕರಾರು ತಗದ್ರು.
ದಾನವ್ವ ಎದ್ದು ನಿಂತಳು:
ನಿಮ್ಮ ಮನಿ ಮಗ ಆ ಕತ್ತಲಾಗ ಕುಂತಿದ್ರ
ಎಷ್ಟು ಬಲ್ಬು ಬರೀತಿದ್ರಿ?
ಹಿಂದಿನ ಬಾಕಿನಾಗ ಯಾರೋ ನಕ್ಕರು.
ಆಕಿ ಗಂಡನ ಮಳಿಗ್ಯಾಗ ವೈನ್ಸ್ ಅಂಗಡಿ ಐತಿ,
ಬಾಡಿಗಿ ತಿಂಗಳ ಒಂದನೇ ತಾರೀಖಿಗೆ.
ಊರಿಗೆ ಗೊತ್ತೈತಿ. ಊರಿಗೆ ಗೊತ್ತೈತಂತ ಆಕಿಗೂ ಗೊತ್ತೈತಿ.
ಆದ್ರೂ ಕುಂಡ್ರಲಿಲ್ಲ.
ಮಾರಿ ಕೆಂಪಾತು, ಸೆರಗು ಬಿಗಿ ಹಿಡದಳು,
ಬಲ್ಬು ಪಾಸಾತು.

ಒಂಬತ್ತನೇದನ್ನ ಹಾಕಾಕ ಸಂಜೀಕ ಹೋದೆ, ಬೇಕಂತ್ಲೇ.
ಏಣಿ ಹಚ್ಚಿದೆ. ನೆಲ ಪುಸುಪುಸು, ಏಣಿ ತೂಗತಿತ್ತು.
ಕೆಳಗ ಯಾರೋ ಗಟ್ಟಿ ಹಿಡದ್ರು.
ತಿರುಗಿ ನೋಡಬೇಕಾಗಿರಲಿಲ್ಲ, ವಾಸನಿ ಬಂತು.
ನನ್ನ ಬಾಯಾಗೂ ಇತ್ತು ಅವತ್ತು,
ಪಗಾರಾದ ದಿನ. ಅವನಿಗೂ ಮೂಗೈತಲ್ಲ.

ಯಾಕಲೇ ಒಡೀತೀರಿ, ಅಂದೆ.
ಸುಮ್ಮನಿದ್ದ. ಬಲ್ಬು ತಿರುವಿದೆ, ಹತ್ತಿತು.
ಬೆಳಕಾದ್ರ ಮಾರಿ ಕಾಣತಾವ ಕಾಕಾ.
ಯಾರವು?
ನಮ್ಮವ.

ಉಪದೇಶ ಒಂದು ನಾಲಗಿ ತುದಿಗಿತ್ತು, ಜಾಥಾದ್ದು.
ನುಂಗಿದೆ.
ಒಂದೊಂದ ಮೆಟ್ಟಲು ಇಳಿದೆ.
ಕಾಲು ನೆಲಕ್ಕ ಮುಟ್ಟೋ ಮಟ ಅಂವ ಏಣಿ ಬಿಡಲಿಲ್ಲ.

ಅದೂ ಹೋತು, ಒಂಬತ್ತನೇದು, ಐದನೇ ದಿನಕ್ಕ.
ಕಾಡಪ್ಪಲ್ಲ ಅಂತಾನ. ನಾ ನಂಬೇನಿ, ಅರ್ಧ.
ಹತ್ತನೇದು ಇವತ್ತಿಗೆ ಹದಿನೆಂಟು ದಿನ ಉರದೈತಿ,
ಇನ್ನ ಉರಿತೈತಿ ಅಂತ ಯಾರ ಮುಂದೂ ಅನ್ನಂಗಿಲ್ಲ ನಾ.
ಸ್ಟೋರಿಗೆ ಹನ್ನೊಂದನೇ ಚೀಟಿ ಕೊಟ್ಟಿಟ್ಟೇನಿ:
ಬಲ್ಬು, ಒಂದು.
ಏಣಿ ಹಿಡಿಯಾಕ ಆಳು, ಒಬ್ಬ ಇದ್ದಾನ,
ಸಿಕ್ಕಿದ್ರ.