ಷರತ್ತುಗಳು ಅನ್ವಯಿಸುತ್ತವೆ

ಮೂರನೆಯ ಪತ್ರವೂ ಬಂತು, ಸೆಲ್ಫೋಸ್‌ನ ನನ್ನ ಶೆಡ್ಡಿಗೆ.
ನಯವಾದ ಕಾಗದ, ನಯವಾದ ಮಾತು:
"ಮಾನ್ಯರೇ, ತಿಳಿಸಲು ವಿಷಾದವಾಗುತ್ತದೆ,
ವಾಹನವು ಮೂಲಸ್ಥಿತಿಯಲ್ಲಿ ಇರಲಿಲ್ಲವಾದ್ದರಿಂದ…"

ಇರಲಿಲ್ಲ, ನಿಜ.
ನಾನೇ ಕೊಯ್ದೆ ಅದರ ಮಡ್‌ಗಾರ್ಡನ್ನು,
ನಾನೇ ಎತ್ತಿದೆ ಒಂದು ಗೇಣು,
ಹೊಳೆ ದಾಟುವಾಗ ಎಂಜಿನ್ನು ಉಸಿರಾಡಲೆಂದು
ಚಾವಣಿಯವರೆಗೆ ಕೊಳವೆ ಏರಿಸಿದೆ,
ನಲವತ್ತನಾಲ್ಕು ಇಂಚಿನ ಟೈರು ಕೂರಿಸಿದೆ
ಮೇಕೆಗೆ ಆನೆಯ ಪಾದ ಹಚ್ಚಿದ ಹಾಗೆ.
ಹಿಮದ ಮೇಲೆ ಗಾಳಿ ಇಳಿಸಿದರೆ
ನಾದಿದ ಹಿಟ್ಟಿನಂತೆ ಹರಡಿಕೊಂಡು
ಮುಳುಗದೆ ನಡೆಯುತ್ತದೆ ಗಾಡಿ.
ಮೂಲಸ್ಥಿತಿಯಲ್ಲೇ ಬಿಟ್ಟಿದ್ದರೆ
ಕೋಲ್ಬೈನ್ ಅದರಲ್ಲಿ ಬ್ಯಾಂಕಿಗೆ ಹೋಗಿ ಬರಬಹುದಿತ್ತು.

ಗಾಡಿ ಮಾಡಿದವರು ಟೈರಿನ ಕಡೆ ಬೆರಳು ಮಾಡಿದರು.
ಟೈರಿನವರು ಆಕ್ಸಲ್ ಕಡೆ.
ಆಕ್ಸಲ್‌ನವರು, ಜೋಡಿಸಿದ ಕೈ ಯಾರದು, ಅಂದರು.
ಕೈ ನನ್ನದು. ಕೈ ಕೊಟ್ಟಿದ್ದು ಆಕ್ಸಲ್ಲು.
ಕೊಟ್ಟಾಗ ಕೋಲ್ಬೈನ್ ಹಿಮನದಿಯ ನೆತ್ತಿಯ ಮೇಲಿದ್ದ,
ಒಂಬತ್ತು ಗಂಟೆ,
ಥರ್ಮಸ್ಸಿನ ತಳದಲ್ಲಿ ಎರಡು ಗುಟುಕು ಕಾಫಿ,
ಜೊತೆಗೆ ವಾಂತಿ ಮಾಡುವ ಒಂದು ನಾಯಿ.

ಆಮೇಲಿಂದ ಈಜುಕೊಳದ ಬಿಸಿನೀರ ತೊಟ್ಟಿಯಲ್ಲಿ
ನಾವಿಬ್ಬರೂ ಕತ್ತಿನವರೆಗೆ ಮುಳುಗಿ
ಎದುರುಬದುರು ಕೂರುತ್ತೇವೆ, ಮಾತಿಲ್ಲ.
ಊರಿನ ಸುದ್ದಿಯೆಲ್ಲ ಬೇಯುವ ತೊಟ್ಟಿ ಅದು;
ನಮ್ಮ ನಡುವೆ ಬರೀ ಆವಿ.
ಅವನ ಸೊಂಟದಲ್ಲೂ ಒಂದು ಲೋಹದ ಕೀಲಿದೆ.
ಹದಿನೈದು ವರ್ಷ ಬಾಳುತ್ತದೆ, ಕುದುರೆ ಮಾತ್ರ ಹತ್ತಬೇಡಿ
ಅಂದಿದ್ದರಂತೆ ಡಾಕ್ಟರು.
ಹತ್ತುತ್ತಾನೆ.
ಮುರಿಯಲಿ, ಹೋಗಿ ಕೇಳಲಿ ನೋಡೋಣ ವಾರಂಟಿ!

ಮುರಿದ ತುಂಡು ನನ್ನ ಕಿಟಕಿಯಲ್ಲಿದೆ.
ರಾತ್ರಿ ಟಾರ್ಚು ಹಿಡಿದು ಓದುತ್ತೇನೆ.
ಒಮ್ಮೆಲೇ ಮುರಿದ ಉಕ್ಕು ಸಕ್ಕರೆಯಂತೆ ಹರಳುಹರಳು.
ಇದು ಹಾಗಲ್ಲ. ಅಂಚಿನಲ್ಲಿ ಬಳೆ ಬಳೆ,
ಅಲೆ ಹಿಂದೆ ಸರಿದು ಮರಳಲ್ಲಿ ಬಿಟ್ಟ ಗೆರೆಗಳು,
ತಿಂಗಳುಗಟ್ಟಲೆ ಒಳಗೊಳಗೇ ನಡೆದ ಬಿರುಕು.
ಮರವೇ ಅಪರೂಪವಾದ ಈ ನಾಡಿನಲ್ಲಿ
ಕಬ್ಬಿಣ ಎಣಿಸಿಟ್ಟುಕೊಂಡ ವಯಸ್ಸು.
ಟೈರಲ್ಲ, ಹೊಳೆಯಲ್ಲ, ಕೋಲ್ಬೈನನ ಬಲಗಾಲಲ್ಲ.
ಅಂಗೈ ಹುಣ್ಣಿಗೆ ಕನ್ನಡಿ ಬೇಕೆ,
ಎಂದು ಫೋಟೋ ಲಗತ್ತಿಸಿ ಬರೆದೆ ಕಂಪನಿಗೆ.
ಕನ್ನಡಿ ಬೇಕು, ಮೂರು ಪ್ರತಿಗಳಲ್ಲಿ,
ಎಂಬಂತೆ ಇನ್ನೊಂದು ಫಾರಂ ಕಳಿಸಿದರು.

ಒಂದನ್ನು ಬರೆದಿರಲಿಲ್ಲ.
ಬಳೆಗಳೆಲ್ಲ ಹೊರಡುವ ಜಾಗದಲ್ಲಿ
ಉಗುರು ಗೀರಿದಷ್ಟು ಒಂದು ಗುರುತಿದೆ.
ಅವರ ಲೇತಿನದೇ ಇರಬಹುದು.
ಆದರೆ ಆ ಸಂಜೆ ಸೀಲು ಕೂರಲಿಲ್ಲ,
ನಾನು ಗ್ರೈಂಡರ್ ತಾಗಿಸಿದ್ದೆ,
ಒಂದು ಸಲ. ಮುತ್ತಿಟ್ಟಷ್ಟೇ.
ರೇಡಿಯೋದಲ್ಲಿ ಹವಾಮಾನ ಹೇಳುತ್ತಿದ್ದರು.
ಫಾರಮ್ಮಿನಲ್ಲಿ ಹದಿನೇಳು ಕಾಲಂ;
ಆ ಸಂಜೆಗೆ ಒಂದೂ ಇಲ್ಲ.

ಗುರುವಾರ ತೊಟ್ಟಿಗಿಳಿದು ಹೇಳಿಬಿಟ್ಟೆ.
ಪಕ್ಕದಲ್ಲಿದ್ದ ಪಾದ್ರಿ ಕಿವಿ ನಿಮಿರಿಸಿದರು.
ಕೋಲ್ಬೈನ್ ಬಹಳ ಹೊತ್ತು ತನ್ನ ಕಾಲ್ಬೆರಳು ನೋಡಿಕೊಂಡ,
ನೀರಿನಡಿ ಅವು ಇನ್ಯಾರದೋ ಅನ್ನುವ ಹಾಗೆ.
ಆಮೇಲೆ,
"ಬೇಸಿಗೆಯಿಂದಲೇ ಹಿಂದೆ ಎಲ್ಲೋ
ಟಿಕ್ ಟಿಕ್ ಅನ್ನುತ್ತಿತ್ತು, ಸ್ಟೈನುನ್.
ನಾನು ರೇಡಿಯೋ ಜೋರು ಮಾಡಿಕೊಂಡೆ."

ಹೊಸ ಆಕ್ಸಲ್ಲು ಬಂದಿದೆ. ದುಡ್ಡು ಅರ್ಧ ನನ್ನದು, ಅರ್ಧ ಅವನದು,
ವಿಷಾದ ಪೂರ್ತಿ ಕಂಪನಿಯದು.
ನಿನ್ನೆ ಗಾಡಿ ಎಳೆಸಿಕೊಂಡು ಬಂದವನು
ಗ್ರೈಂಡರನ್ನು ತಾನೇ ಕಪಾಟಿಗಿಟ್ಟು ಬೀಗ ಜಡಿದ,
ಕೀಲಿಯನ್ನು ಜೇಬಿಗಿಳಿಸಿದ.
ಹೋಗುವಾಗ ಬಾಗಿಲಲ್ಲಿ ನಿಂತು,
ನಲವತ್ತಾರು ಇಂಚಿನದೂ ಸಿಗುತ್ತದಂತಲ್ಲ ಈಗ,
ಅಂದ.